ಗೇಮಿಂಗ್ ಪಿಸಿ: ರೆಡಿ ಟವರ್ ತರುವುದೋ, ಭಾಗ ಆರಿಸಿ ಕಟ್ಟಿಸುವುದೋ?

ಗೇಮಿಂಗ್ ಪಿಸಿಗೆಂದು ದುಡ್ಡು ಕೂಡಿಟ್ಟವರನ್ನು ಮೊದಲು ಕಾಡುವ ಪ್ರಶ್ನೆ ಇದೇ. ಕಂಪನಿಯೇ ಪೂರ್ತಿ ಜೋಡಿಸಿದ ಸೀಲ್ ಪ್ಯಾಕ್ ಟವರ್ ತರುವುದೋ, ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಒಂದೊಂದೇ ಭಾಗ ಆರಿಸಿ ಕಟ್ಟಿಸುವುದೋ? ನಮ್ಮಲ್ಲಿ ಇವೆರಡರ ನಡುವೆ ಮೂರನೆಯದೊಂದು ದಾರಿಯೂ ಇದೆ. ಹೆಚ್ಚು ಜನ ಎಡವುವುದು ಅಲ್ಲೇ: ಅಂಗಡಿಯವರು ಮೊದಲೇ ಜೋಡಿಸಿಟ್ಟು, ಬಣ್ಣದ ದೀಪದ ಫ್ಯಾನ್ ಹಾಕಿ, ‘ಐ7 ಗೇಮಿಂಗ್ ಪಿಸಿ, ಮಾನಿಟರ್ ಸಮೇತ’ ಎಂದು ಮಾರುವ ಸೆಟ್. ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗೋಣ. ಅದಕ್ಕೆ ಮುಂಚೆ ಯಾವ ಬಟ್ಟಿನಿಂದ ತೂಗಬೇಕು ಎಂಬುದು ಗೊತ್ತಾಗಬೇಕು.

ಅಂಗಡಿಗೆ ಹೋಗುವ ಮುಂಚೆ

ಏನು ಆಡುತ್ತೀರಿ, ಯಾವ ಮಾನಿಟರ್ ಮೇಲೆ ಆಡುತ್ತೀರಿ ಎಂದು ಮೊದಲು ಬರೆದಿಡಿ. ವ್ಯಾಲರಂಟ್‌ನಂಥ ಹಗುರ ಆಟವನ್ನು 1080ಪಿ (ಫುಲ್ ಎಚ್‌ಡಿ) ಮಾನಿಟರ್‌ನಲ್ಲಿ ಆಡುವವರಿಗೆ ಬೇಕಾದ ಯಂತ್ರವೇ ಬೇರೆ, ದೊಡ್ಡ ಕಥೆಯ ಆಟಗಳನ್ನು ಅದಕ್ಕಿಂತ ಸೂಕ್ಷ್ಮ ಚಿತ್ರದ 1440ಪಿಯಲ್ಲಿ ಆಡುವವರಿಗೆ ಬೇಕಾದದ್ದೇ ಬೇರೆ. ಮಾನಿಟರ್ ನಿಶ್ಚಯವಾದರೆ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ನಿಶ್ಚಯವಾಗುತ್ತದೆ, ಕಾರ್ಡ್ ನಿಶ್ಚಯವಾದರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಮಾನಿಟರ್ ಬಿಟ್ಟು ಉಳಿದ ಬಜೆಟ್‌ನ ಮೂರನೇ ಒಂದು ಪಾಲಿಗಿಂತ ಕಡಿಮೆ ಕಾರ್ಡಿಗೆ ಹೋಗುತ್ತಿದ್ದರೆ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು.

ಎರಡನೆಯದು ಒಟ್ಟು ಖರ್ಚು. ಟವರ್ ಬೆಲೆಯೊಂದನ್ನೇ ನೋಡಬೇಡಿ. ವಿಂಡೋಸ್ ಲೈಸೆನ್ಸ್, ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಎಲ್ಲ ಸೇರಿಸಿ ಕೂಡಿಸಿ. ಬಿಡಿಭಾಗದ ಅಂಗಡಿ ಹೇಳುವ ಬೆಲೆಗೆ 18% ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂದು ಆಗಲೇ ಕೇಳಬೇಕು. ಸೇರದಿದ್ದರೆ ₹70,000 ಎಂದದ್ದು ಬಿಲ್ ಆಗುವಾಗ ₹82,600 ಆಗುತ್ತದೆ. ಆಗ ಕೆಲವರು ‘ಬಿಲ್ ಬೇಡ ಅಂದ್ರೆ ಕಮ್ಮಿ ಆಗತ್ತೆ ಸಾರ್’ ಎನ್ನುತ್ತಾರೆ. ಆ ಉಳಿತಾಯಕ್ಕೆ ಮರುಳಾಗಬೇಡಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ಹೋದರೆ ಸರ್ವಿಸ್ ಸೆಂಟರ್‌ನವರೂ ನಿಮ್ಮ ಮಾತು ಕೇಳುವುದಿಲ್ಲ, 1915 ನಂಬರಿನ ಗ್ರಾಹಕ ಸಹಾಯವಾಣಿಗೆ ದೂರು ಕೊಡಲೂ ಕೈಯಲ್ಲಿ ಕಾಗದ ಇರುವುದಿಲ್ಲ.

ಮೂರನೆಯದು ಕೆಟ್ಟಾಗ ಯಾರು ನೋಡುತ್ತಾರೆ ಎಂಬುದು. ಜಯನಗರದಲ್ಲಿರುವವರಿಗೂ ಬೀದರ್‌ನಲ್ಲಿರುವವರಿಗೂ ಇದರ ಉತ್ತರ ಒಂದೇ ಆಗಲಾರದು. ನಾಲ್ಕನೆಯದು, ಮೂರು ವರ್ಷ ಬಿಟ್ಟು ಕಾರ್ಡ್ ಬದಲಿಸುವ ಆಸೆ ಇದೆಯೋ ಇಲ್ಲವೋ. ಐದನೆಯದು ಮನೆಯ ಕರೆಂಟು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಎಷ್ಟೋ ಪಿಸಿಗಳ ಆಯಸ್ಸು ಮುಗಿಯುವುದು ಇದರಿಂದಲೇ.

ಕಂಪನಿ ಟವರ್

ಇದರ ದೊಡ್ಡ ಗುಣ ಒಂದೇ ಫೋನ್ ನಂಬರ್. ಏನೇ ಕೆಟ್ಟರೂ ಒಬ್ಬರೇ ಜವಾಬ್ದಾರರು. ಆನ್‌ಸೈಟ್ ವಾರಂಟಿ ಇದ್ದರೆ ಎಂಜಿನಿಯರ್ ಮನೆಗೇ ಬರುತ್ತಾರೆ. ಕಾರವಾರ, ಚಿತ್ರದುರ್ಗ, ಯಾದಗಿರಿಯಂಥ ಊರಿನಲ್ಲಿ, ಸ್ಕ್ರೂಡ್ರೈವರ್ ಹಿಡಿಯಲು ಮನಸ್ಸಿಲ್ಲದವರಿಗೆ ಇದು ಸಣ್ಣ ಮಾತಲ್ಲ. ಆದರೆ ನಿಮ್ಮ ಪಿನ್‌ಕೋಡಿಗೆ ಆನ್‌ಸೈಟ್ ಸೇವೆ ಇದೆಯೋ, ಟವರನ್ನು ನಾವೇ ಹೊತ್ತೊಯ್ಯಬೇಕಾದ ಕ್ಯಾರಿ-ಇನ್ ಮಾತ್ರವೋ ಎಂದು ಕೊಳ್ಳುವ ಮುಂಚೆ ಕೇಳಿ. ವಾರಂಟಿ ಸಾಮಾನ್ಯವಾಗಿ 1 ವರ್ಷದ್ದು. ಅದನ್ನು 3 ವರ್ಷಕ್ಕೆ ವಿಸ್ತರಿಸಲು ಬೇರೆ ಹಣ ಕಟ್ಟಬೇಕು, ಆ ಹಣವನ್ನೂ ಟವರ್ ಬೆಲೆಗೇ ಸೇರಿಸಿ ಹೋಲಿಸಿ.

ಇನ್ನೊಂದು ಲಾಭ, ಅಸಲಿ ವಿಂಡೋಸ್ ಜೊತೆಗೇ ಬರುತ್ತದೆ. ಅದು ಆ ಮದರ್‌ಬೋರ್ಡಿಗೇ (ಎಲ್ಲ ಭಾಗ ಕೂರುವ ಮುಖ್ಯ ಬೋರ್ಡ್) ಅಂಟಿಕೊಂಡಿರುತ್ತದೆ, ಮುಂದೆ ಬೇರೆ ಯಂತ್ರಕ್ಕೆ ಒಯ್ಯಲಾಗದು. ಇದರ ಜೊತೆಗೆ 2025ರ ಕೊನೆಯ ತಿಂಗಳುಗಳಿಂದ ಪಿಸಿಯ ಕೆಲಸದ ಮೆಮೊರಿಯಾದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿದಿದೆ. ಮೆಮೊರಿ ಚಿಪ್‌ಗಳೆಲ್ಲ ಎಐ ಡೇಟಾ ಸೆಂಟರ್‌ಗಳ ಕಡೆ ಹೋಗುತ್ತಿರುವುದೇ ಕಾರಣ. ಸಗಟಿನಲ್ಲಿ ಕೊಳ್ಳುವ ಕಂಪನಿಗಳ ಟವರ್‌ಗೂ ಬಿಡಿಭಾಗದ ಲೆಕ್ಕಕ್ಕೂ ಇದ್ದ ಅಂತರ ಇದರಿಂದ ಕೆಲವೊಮ್ಮೆ ಕರಗಿಹೋಗುತ್ತದೆ. ‘ಕಟ್ಟಿಸಿದರೆ ಯಾವಾಗಲೂ ಅಗ್ಗ’ ಎಂಬ ಹಳೆಯ ಮಾತನ್ನು ಹಾಗೇ ನಂಬದೆ ಆ ದಿನದ ಬೆಲೆ ಹಿಡಿದು ಕೂಡಿಸಿ ನೋಡಿ. ವಿಂಡೋಸ್ ಸೇರಿಸಿದ ಮೇಲೂ ಕಂಪನಿ ಟವರ್ 10%ಕ್ಕಿಂತ ಹೆಚ್ಚು ದುಬಾರಿ ಇಲ್ಲವಾದರೆ, ಊರಿನಲ್ಲಿ ಆನ್‌ಸೈಟ್ ಸೇವೆಯೂ ಇದ್ದರೆ, ಟವರ್ ಕೊಳ್ಳುವುದು ಜಾಣತನ.

ಕೊರತೆ ಇರುವುದು ಒಳಗೆ. ದೊಡ್ಡ ಕಂಪನಿಗಳ ಹಲವು ಟವರ್‌ಗಳಲ್ಲಿ ಮದರ್‌ಬೋರ್ಡ್, ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ) ಎರಡೂ ಅವರದೇ ಅಳತೆಯವು. ಪೇಟೆಯಲ್ಲಿ ಸಿಗುವ ಎಟಿಎಕ್ಸ್ ಎಂಬ ಸಾಮಾನ್ಯ ಅಳತೆಯ ಎಸ್‌ಎಂಪಿಎಸ್ ಕೂರುವುದಿಲ್ಲ, ಕೂತರೂ ಕನೆಕ್ಟರ್ ಹೊಂದುವುದಿಲ್ಲ. ಮುಂದೆ ದೊಡ್ಡ ಕಾರ್ಡ್ ಹಾಕೋಣ ಎಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಇದ್ದ ಎಸ್‌ಎಂಪಿಎಸ್‌ಗೆ ಶಕ್ತಿ ಸಾಲದು, ಬದಲಿಸೋಣವೆಂದರೆ ಬೇರೆಯದು ಹಿಡಿಸದು. ರ‍್ಯಾಮನ್ನೂ ನೋಡಿ. 16 ಜಿಬಿ ಎಂದು ಬರೆದು ಒಂದೇ ಸ್ಟಿಕ್ ಹಾಕಿದ್ದರೆ ಅದು ಸಿಂಗಲ್ ಚಾನೆಲ್, ಅಂದರೆ ಮಾಹಿತಿ ಓಡಾಡಲು ಒಂದೇ ದಾರಿ. 8 ಜಿಬಿಯ ಎರಡು ಸ್ಟಿಕ್ (ಡ್ಯುಯಲ್ ಚಾನೆಲ್) ಇದ್ದಾಗ ಸಿಗುವ ವೇಗ ಅದರಲ್ಲಿ ಸಿಗದು. ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಹೆಸರೂ ಬೇಕು. ಬರೀ ‘ಆರ್‌ಟಿಎಕ್ಸ್ 3050’ ಎಂದರೆ ಸಾಲದು. ಅದರ 8 ಜಿಬಿ ಮೆಮೊರಿಯ ಆವೃತ್ತಿಯಲ್ಲಿ 2560 ಕೋರ್ (ಲೆಕ್ಕ ಮಾಡುವ ಘಟಕ), 6 ಜಿಬಿಯದರಲ್ಲಿ 2304. ಹೆಸರು ಒಂದೇ, ಕೆಲಸ ಒಂದೇ ಅಲ್ಲ. ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಕಾರ್ಡುಗಳೂ 8 ಮತ್ತು 16 ಜಿಬಿ ಎರಡರಲ್ಲೂ ಬರುತ್ತವೆ. 1440ಪಿಯಲ್ಲಿ ಆಡುವವರು 16ರದನ್ನೇ ಕೇಳಿ ಪಡೆಯಬೇಕು.

ಅಂಗಡಿಯ ರೆಡಿ ಸೆಟ್

ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳಬೇಕು, ಏಕೆಂದರೆ ಮಕ್ಕಳ ಹಟಕ್ಕೆ ಅಪ್ಪ ಅಮ್ಮ ಸಾಲ ಮಾಡಿ ತರುವುದು ಹೆಚ್ಚಾಗಿ ಇದನ್ನೇ. ‘ಐ7’ ಎನ್ನುವುದು ಇಂಟೆಲ್ ಪ್ರೊಸೆಸರ್‌ಗಳ ಒಂದು ಸಾಲಿನ ಹೆಸರು, ತಲೆಮಾರಿನ ಹೆಸರಲ್ಲ. 3ನೇ, 4ನೇ ತಲೆಮಾರಿನ ಐ7 ಬಂದು ಹತ್ತು ವರ್ಷದ ಮೇಲಾಯಿತು. ಬಳಸಿದ ಆ ಪ್ರೊಸೆಸರನ್ನು ಹೊಸದಾಗಿ ತಯಾರಾದ ಅಗ್ಗದ ಎಚ್61 ಅಥವಾ ಎಚ್81 ಬೋರ್ಡಿನ ಮೇಲೆ ಕೂರಿಸಿ, ಜಿಟಿ 730ಯಂಥ ಕಾರ್ಡ್ ಹಾಕಿ, ಗಾಜಿನ ಕ್ಯಾಬಿನೆಟ್‌ಗೆ ತುಂಬುತ್ತಾರೆ. ವಿಂಡೋಸ್ 11 ಅಧಿಕೃತವಾಗಿ ಬೆಂಬಲಿಸುವುದು ಇಂಟೆಲ್‌ನ 8ನೇ ತಲೆಮಾರಿನಿಂದೀಚೆಗೆ ಮಾತ್ರ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಡ್ಡದಾರಿಯಲ್ಲಿ 11 ಹಾಕಿಕೊಟ್ಟರೂ ವ್ಯಾಲರಂಟ್ ಅದರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳನ್ನು ಕೇಳುತ್ತದೆ. ಇಲ್ಲದಿದ್ದರೆ ಆಟ ತೆರೆಯುವುದೇ ಇಲ್ಲ. ಅಂದರೆ ಯಾವ ಆಟಕ್ಕೆಂದು ಪಿಸಿ ತಂದರೋ ಅದೇ ಆಡಲಾಗದು.

ಎಲ್ಲ ರೆಡಿ ಸೆಟ್‌ಗಳೂ ಹೀಗಿರುವುದಿಲ್ಲ. ಪ್ರತಿ ಭಾಗದ ಕಂಪನಿ, ಮಾಡೆಲ್, ಜಿಬಿ, ವಾರಂಟಿ ಬರೆದುಕೊಡುವ ಅಂಗಡಿಗಳೂ ಇವೆ. ಅಂಥ ಸೆಟ್ ಒಳ್ಳೆಯದೇ. ಪಟ್ಟಿಯಲ್ಲಿ ‘ಗೇಮಿಂಗ್ ಬೋರ್ಡ್’, ‘500 ವ್ಯಾಟ್ ಎಸ್‌ಎಂಪಿಎಸ್’ ಎಂದಷ್ಟೇ ಇದ್ದರೆ ಅಲ್ಲೇ ನಿಲ್ಲಿಸಿ ಹೆಸರು ಕೇಳಿ. ದುಡ್ಡು ಉಳಿಸಿರುವುದು ಸಾಮಾನ್ಯವಾಗಿ ಹೆಸರು ಬರೆಯದ ಭಾಗದಲ್ಲೇ.

ಎಸ್‌ಎಂಪಿಎಸ್‌ನ ಲೇಬಲ್ ಓದುವುದನ್ನು ಒಮ್ಮೆ ಕಲಿತುಬಿಡಿ. ಕ್ಯಾಬಿನೆಟ್ಟಿನ ಪಕ್ಕದ ಪ್ಲೇಟ್ ತೆಗೆದರೆ ಅದರ ಮೈಮೇಲೆ ಅಂಟಿಸಿದ ಒಂದು ಕೋಷ್ಟಕ ಕಾಣುತ್ತದೆ. ಒಳಗೆ ಮುಚ್ಚಿಹೋಗಿದ್ದರೆ ಡಬ್ಬಿ ತೋರಿಸಲು ಹೇಳಿ. ಮೇಲೆ ದಪ್ಪಕ್ಷರದಲ್ಲಿ ಏನೇ ಇರಲಿ, ನೀವು ನೋಡಬೇಕಾದದ್ದು +12 ವೋಲ್ಟ್ ಎಂದಿರುವ ಕಾಲಂ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಉಣ್ಣುವುದು ಅದರಿಂದಲೇ. ಅಲ್ಲಿರುವ ಆಂಪಿಯರನ್ನು 12ರಿಂದ ಗುಣಿಸಿ. 45 ಆಂಪಿಯರ್ ಇದ್ದರೆ 540 ವ್ಯಾಟ್, ಅದು ನಿಜವಾದ 550ರ ಸರಕು. ಮೇಲೆ 450 ಎಂದು ಬರೆದು 12 ವೋಲ್ಟಿನಲ್ಲಿ 18 ಆಂಪಿಯರ್ ಮಾತ್ರ ಇದ್ದರೆ ನಿಮಗೆ ದಕ್ಕುವುದು 216 ವ್ಯಾಟ್. ಆರ್‌ಟಿಎಕ್ಸ್ 5060 ಒಂದೇ 145 ವ್ಯಾಟ್ ಕೇಳುತ್ತದೆ. ಎಎಂಡಿಯ ರೈಜನ್ 5 7600 ಪ್ರೊಸೆಸರ್ ಭರ್ತಿ ಕೆಲಸದಲ್ಲಿ 88ರವರೆಗೆ ಹೋಗುತ್ತದೆ. ಬೋರ್ಡ್, ಫ್ಯಾನ್, ಎಸ್‌ಎಸ್‌ಡಿಗೆ (ಫೈಲ್ ಉಳಿಸುವ ಡ್ರೈವ್) 50 ಹಿಡಿಯಿರಿ. 283 ಆಯಿತು. ಆ 216 ವ್ಯಾಟಿನದು ಡೆಸ್ಕ್‌ಟಾಪ್ ತೋರಿಸುತ್ತದೆ, ವಿಡಿಯೊ ಓಡಿಸುತ್ತದೆ, ಆಟದ ನಡುವೆ ಪಟ್ಟನೆ ಆರಿಹೋಗುತ್ತದೆ. ಅಗ್ಗದವುಗಳಲ್ಲಿ ರಕ್ಷಣೆಯ ಸರ್ಕ್ಯೂಟ್ ಸರಿಯಿಲ್ಲದಿದ್ದರೆ ಹೋಗುವಾಗ ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕರೆದೊಯ್ಯುತ್ತದೆ. ಹೆಸರಿರುವ ಕಂಪನಿಯ, ಕರೆಂಟ್ ಪೋಲು ಕಡಿಮೆಯೆಂದು ಹೇಳುವ 80 ಪ್ಲಸ್ ಬ್ರಾಂಜ್ ಅಥವಾ ಗೋಲ್ಡ್ ಗುರುತಿನ, 5 ವರ್ಷ ವಾರಂಟಿಯ 550 ಅಥವಾ 650 ವ್ಯಾಟಿನದನ್ನೇ ಹಾಕಿಸಿ.

ಭಾಗ ಆರಿಸಿ ಕಟ್ಟಿಸುವುದು

ಖರ್ಚು ಮಾಡಿದ ರೂಪಾಯಿಗೆ ಹೆಚ್ಚು ಫ್ರೇಮ್ (ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳು) ಬೇಕೆನ್ನುವವರಿಗೂ, ಮುಂದೆ ಒಂದೊಂದೇ ಭಾಗ ಬದಲಿಸುತ್ತ ಹೋಗುವವರಿಗೂ ಇದೇ ಸರಿಯಾದ ದಾರಿ. ಕೈಯಿಂದಲೇ ಜೋಡಿಸಬೇಕೆಂದಿಲ್ಲ. ಪಟ್ಟಿ ನಿಮ್ಮದಾಗಿರಲಿ, ಜೋಡಣೆ ಅಂಗಡಿಯವರದಾದರೂ ಆದೀತು. ಎಲ್ಲ ಭಾಗ ತಮ್ಮಲ್ಲೇ ಕೊಂಡರೆ ಜೋಡಿಸಲು ಹಣ ಕೇಳದ ಅಂಗಡಿಗಳೂ ಉಂಟು.

ವಾರಂಟಿಯ ಲೆಕ್ಕ ಇಲ್ಲಿ ಬೇರೆ. ಡಬ್ಬಿಯಲ್ಲಿ ಬರುವ ಪ್ರೊಸೆಸರ್‌ಗೆ 3 ವರ್ಷ, ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ 3, ಒಳ್ಳೆಯ ಎಸ್‌ಎಸ್‌ಡಿಗೆ 5, ಎಸ್‌ಎಂಪಿಎಸ್‌ಗೆ 5ರಿಂದ 10. ಒಟ್ಟಾರೆ ಕಂಪನಿ ಟವರ್‌ಗಿಂತ ದೀರ್ಘ. ಆದರೆ ಯಾವ ಭಾಗ ಕೆಟ್ಟಿತು ಎಂದು ಪತ್ತೆ ಮಾಡಿ, ಬಿಚ್ಚಿ, ಆಯಾ ಕಂಪನಿಯ ಸರ್ವಿಸ್ ಸೆಂಟರ್‌ಗೆ ಮುಟ್ಟಿಸುವ ಕೆಲಸ ನಿಮ್ಮದು. ಕಾರ್ಡ್ ರಿಪೇರಿಗೆ ಹೋದರೆ ವಾರಗಟ್ಟಲೆ ಕಾಯಬೇಕಾಗಬಹುದು. ಆ ದಿನಗಳಲ್ಲಿ ಪಿಸಿ ಸತ್ತು ಕೂರಬಾರದೆಂದರೆ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಆರಿಸಿ. ಐ5-12400ಎಫ್‌ನಲ್ಲಿ ಅದಿಲ್ಲ, ಐ5-12400ರಲ್ಲಿ ಇದೆ. ರೈಜನ್ 5 7500ಎಫ್‌ನಲ್ಲಿ ಇಲ್ಲ, 7600ರಲ್ಲಿ ಇದೆ. ಪಿಸಿಯಲ್ಲೇ ಓದು, ಕಚೇರಿ ಕೆಲಸ ಮಾಡುವವರು ಆ ಸ್ವಲ್ಪ ಹೆಚ್ಚಿನ ಹಣ ಕೊಡುವುದು ಒಳಿತು. ಟ್ರೇ ಪ್ರೊಸೆಸರ್ ಎಂದು ಡಬ್ಬಿಯಿಲ್ಲದೆ ಕೊಡುವುದಕ್ಕೆ ಅಂಗಡಿಯವರ ಮಾತೇ ವಾರಂಟಿ. ಅಮೆರಿಕದಿಂದ ರಜೆಗೆ ಬರುವ ಭಾವನ ಸೂಟ್‌ಕೇಸಿನಲ್ಲಿ ಗ್ರಾಫಿಕ್ಸ್ ಕಾರ್ಡ್ ತರಿಸುವ ಯೋಚನೆ ಇದ್ದರೂ ಮೊದಲು ಆ ಕಂಪನಿಯ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ನೋಡಿ. ಹಲವು ಕಂಪನಿಗಳು ಮಾರಿದ ದೇಶದಲ್ಲಷ್ಟೇ ಒಪ್ಪುತ್ತವೆ.

ಹೆಸರು ಹತ್ತಿರ ಇದ್ದಲ್ಲಿ ಎಚ್ಚರ ಬೇಕು. ರೈಜನ್ 5 5500 ಮತ್ತು 5600 ಎರಡೂ ಆರು ಕೋರಿನವೇ. ಆದರೆ 5500ರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, ಪಿಸಿಐಇ (ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ದಾರಿ) 3.0, 5600ರದು 32 ಎಂಬಿ, ಪಿಸಿಐಇ 4.0. ಆರ್‌ಟಿಎಕ್ಸ್ 5060 ಎಂಟೇ ಲೇನ್ ಬಳಸುವ ಕಾರ್ಡಾದ್ದರಿಂದ ಪಿಸಿಐಇ 3.0 ಬೋರ್ಡಿನಲ್ಲಿ ಕಾರ್ಡಿನ ಮೆಮೊರಿ ತುಂಬಿದಾಗ ಆಟ ತಡವರಿಸುವುದು ಹೆಚ್ಚು. 5600 ತಗೊಂಡು ಎ520 ಬೋರ್ಡ್ ಹಾಕಿದರೂ ಮತ್ತೆ 3.0ಕ್ಕೇ ಬಂದಿರಿ. ಬಿ550 ಬೇಕು. ಮುಂದೆ ಪ್ರೊಸೆಸರ್ ಬದಲಿಸುವ ಆಸೆಯಿದ್ದವರಿಗೆ ಎಎಂಡಿಯ ಎಎಂ5 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಮೇಲು. 2027ರವರೆಗೂ, ಅದರಾಚೆಗೂ ಅದನ್ನು ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಆದರೆ ಎಎಂ5ಗೆ ಡಿಡಿಆರ್5 ರ‍್ಯಾಮೇ ಆಗಬೇಕು. ಮನೆಯಲ್ಲಿ ಹಳೆಯ ಡಿಡಿಆರ್4 ಸ್ಟಿಕ್‌ಗಳು ಇದ್ದರೆ ಇವತ್ತಿನ ರ‍್ಯಾಮ್ ಬೆಲೆಯಲ್ಲಿ 5500, 5600 ಕೂರುವ ಹಳೆಯ ಎಎಂ4 ಬಿಡಲು ಮನಸ್ಸಾಗದು, ಬಿಡುವುದೂ ಬೇಡ.

ಕೈಯಾರೆ ಜೋಡಿಸುವವರು ಮೊದಲ ಸಲಕ್ಕೆ ಮೂರು ನಾಲ್ಕು ಗಂಟೆ ಇಟ್ಟುಕೊಳ್ಳಿ. ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲೇ ಇಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್ ಹಾಕಿ. ಎಎಂ5ರಲ್ಲೂ ಇಂಟೆಲ್‌ನಲ್ಲೂ ಪಿನ್‌ಗಳಿರುವುದು ಸಾಕೆಟ್ಟಿನಲ್ಲಿ. ಅಲ್ಲಿಗೆ ಬೆರಳು ತಾಗಿಸಬೇಡಿ, ಬಗ್ಗಿದ ಪಿನ್ನಿಗೆ ವಾರಂಟಿ ಕೊಡುವುದಿಲ್ಲ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿರಾ ನೋಡಿ. ಅದನ್ನು ಮರೆತರೆ ಪ್ರೊಸೆಸರ್ ನಿಮಿಷಗಳಲ್ಲೇ 90 ಡಿಗ್ರಿ ದಾಟುತ್ತದೆ. ನಾಲ್ಕು ರ‍್ಯಾಮ್ ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ರಲ್ಲಿ ಹಾಕಿ. ಬೋರ್ಡ್ ಕ್ಯಾಬಿನೆಟ್‌ಗೆ ಇಳಿಸುವ ಮುಂಚೆ ಹಿಂಬದಿಯ ಪೋರ್ಟ್‌ಗಳ ಸುತ್ತ ಬರುವ ತಗಡಾದ ಐಒ ಶೀಲ್ಡ್ ಕೂರಿಸಿ, ಬೋರ್ಡನ್ನು ಕ್ಯಾಬಿನೆಟ್ಟಿಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆ ಸ್ಟಾಂಡಾಫ್‌ಗಳು ಬೋರ್ಡಿನ ತೂತಿಗೆ ಸರಿಯಾಗಿವೆಯೇ ನೋಡಿ. ಪ್ರೊಸೆಸರ್‌ನ 8 ಪಿನ್ ಕೇಬಲ್ ಮೇಲಿನ ಎಡ ಮೂಲೆಯಲ್ಲಿ ಬರುತ್ತದೆ. ಅದನ್ನು ಮೊದಲೇ ಎಳೆದಿಡಿ, ಕೂಲರ್ ಅಡ್ಡ ಬಂದಮೇಲೆ ಕೈ ಹೋಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೊನೆಗೆ.

ಡಿಡಿಆರ್5 ಬೋರ್ಡ್ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ರ‍್ಯಾಮನ್ನು ಹದ ಮಾಡಿಕೊಳ್ಳುತ್ತಿರುತ್ತದೆ, ಗಾಬರಿಯಿಂದ ಸ್ವಿಚ್ ಆರಿಸಬೇಡಿ. ಪರದೆ ಬಂದಮೇಲೆ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ರ‍್ಯಾಮನ್ನು ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಪೊ ಅಥವಾ ಎಕ್ಸ್‌ಎಂಪಿ ಆನ್ ಮಾಡಿ. ಇಲ್ಲವಾದರೆ 6000 ವೇಗದ್ದೆಂದು ಕೊಂಡ ರ‍್ಯಾಮ್ 4800ರಲ್ಲೇ ಓಡುತ್ತದೆ. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೆ ಚುಚ್ಚಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಇದ್ದದ್ದನ್ನು 144ಕ್ಕೋ 165ಕ್ಕೋ ಏರಿಸಿ. ಇವು ಅಂಗಡಿಯವರು ಜೋಡಿಸಿಕೊಟ್ಟ ಯಂತ್ರದಲ್ಲೂ ಎಷ್ಟೋ ಸಲ ಬಿಟ್ಟುಹೋಗಿರುತ್ತವೆ.

ಮನೆಯ ಕರೆಂಟು

ಯಾವ ದಾರಿ ಹಿಡಿದರೂ ಇದು ತಪ್ಪದು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ, ಟೆಸ್ಟರ್ ಹಚ್ಚಿದಾಗ ಮಿಣುಕುತ್ತಿದ್ದರೆ, ಮೊದಲು ಗೋಡೆಯ ಪ್ಲಗ್ಗಿನ ಅರ್ಥಿಂಗ್ ನೋಡಿಸಿ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಒಂದಿಷ್ಟು ಕರೆಂಟನ್ನು ಭೂಮಿಗೆ ಬಿಡುವಂತೆ ಮಾಡಿರುತ್ತಾರೆ. ಭೂಮಿಯ ದಾರಿ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೈಯಲ್ಲೇ ನಿಲ್ಲುತ್ತದೆ. ಹೊಸ ಪಿಸಿ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ದವರ ಸಮಸ್ಯೆ ಎಷ್ಟೋ ಸಲ ಮನೆಯ ವೈರಿಂಗಿನಲ್ಲೇ ಇರುತ್ತದೆ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ.

600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟಿನದು. ಮೇಲಿನ 283ಕ್ಕೆ ಮಾನಿಟರ್ ಸೇರಿಸಿದರೆ ಕಾಗದದ ಮೇಲೆ ಸಾಕೆನಿಸಿದರೂ ಆಟದ ನಡುವೆ ಕಾರ್ಡ್ ಒಮ್ಮೆಲೇ ಎಳೆದಾಗ ಅದು ಕೈಬಿಡುತ್ತದೆ. 1000 ವಿಎ ಇರಲಿ. ಮನೆಯ ಇನ್ವರ್ಟರಿನ ಮೇಲೇ ಓಡಿಸುವವರು ಅದು ಪ್ಯೂರ್ ಸೈನ್ ವೇವ್‌ನದೇ ಎಂದು ಖಚಿತಪಡಿಸಿಕೊಂಡು ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡಿನಲ್ಲಿಡಿ. ಮಲೆನಾಡು, ಕರಾವಳಿಯಲ್ಲಿ ಗುಡುಗು ಶುರುವಾದರೆ ಪ್ಲಗ್ಗೂ ಇಂಟರ್ನೆಟ್ ಕೇಬಲ್ಲೂ ಎರಡನ್ನೂ ಕೀಳಬೇಕು. ಸಿಡಿಲು ಕೇಬಲ್ ಹಿಡಿದು ಬಂದು ಬೋರ್ಡ್ ಸುಡುವುದುಂಟು. ಕಲಬುರಗಿ, ರಾಯಚೂರಿನ ಬಿಸಿಲಿಗೂ ಧೂಳಿಗೂ ಮುಂದೆ ಗಾಜಿರುವ ಕ್ಯಾಬಿನೆಟ್ ತಕ್ಕದ್ದಲ್ಲ. ಜಾಲರಿಯ ಮುಖ, ತೆಗೆದು ತೊಳೆಯಲು ಬರುವ ಫಿಲ್ಟರ್ ಇರುವುದನ್ನು ಆರಿಸಿ.

ಯಾರಿಗೆ ಯಾವುದು

₹50,000ದ ಒಳಗಿನವರು ಹೊಸ ‘ಗೇಮಿಂಗ್ ಸೆಟ್’ ಹುಡುಕುತ್ತ ಕಾಲ ಕಳೆಯಬೇಡಿ. ಒಳಗೇ ಒಳ್ಳೆಯ ಗ್ರಾಫಿಕ್ಸ್ ಇರುವ ರೈಜನ್ 5 5600ಜಿಯಂಥ ಪ್ರೊಸೆಸರ್, ರ‍್ಯಾಮಿನ ಎರಡು ಸ್ಟಿಕ್, ಒಳ್ಳೆಯ ಎಸ್‌ಎಂಪಿಎಸ್ ಹಾಕಿಸಿ, ಕಾರ್ಡನ್ನು ಮುಂದಿನ ವರ್ಷಕ್ಕೆ ಬಿಡಿ. ಇಲ್ಲವೇ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರುವ, ಕಚೇರಿಗಳಿಂದ ಬರುವ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವ) ಟವರ್ ಕೊಂಡು ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ ಹಾಕಿ. ಅದು 70 ವ್ಯಾಟಿನದು, ಸ್ಲಾಟಿನಿಂದಲೇ ಕರೆಂಟ್ ಪಡೆಯುವ ಆವೃತ್ತಿಗೆ ಬೇರೆ ಪವರ್ ಕೇಬಲ್ ಬೇಡ. ಟವರ್ ಸಣ್ಣ ಮೈಯದಾದರೆ ಲೋ ಪ್ರೊಫೈಲ್ (ಎತ್ತರ ಕಡಿಮೆಯ) ಕಾರ್ಡೇ ಬೇಕು ಎಂಬುದು ನೆನಪಿರಲಿ.

₹80,000ದಿಂದ ₹1,20,000ದವರೆಗೆ, ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರಿನ ಹತ್ತಿರ ಇರುವವರಾದರೆ, ಪಟ್ಟಿ ಮಾಡಿ ಕಟ್ಟಿಸುವುದೇ ಸರಿ. ಎಸ್‌ಎಂಪಿಎಸ್, ಬೋರ್ಡ್, ಕಾರ್ಡ್ ಮೂರೂ ನಿಮ್ಮ ಇಷ್ಟದ್ದಾಗುವುದರಿಂದ ಸಿಗುವ ಲಾಭ ಈ ಬಜೆಟ್‌ನಲ್ಲೇ ಹೆಚ್ಚು. ಇದೇ ಬಜೆಟ್ ಇದ್ದು ದೂರದ ಊರಿನಲ್ಲಿರುವವರು, ಮನೆಯಲ್ಲಿ ಬಿಚ್ಚಿ ನೋಡುವವರು ಯಾರೂ ಇಲ್ಲದವರು, 3 ವರ್ಷದ ಆನ್‌ಸೈಟ್ ಸೇರಿಸಿದ ಕಂಪನಿ ಟವರನ್ನೇ ತರಲಿ. ನಾಲ್ಕು ಫ್ರೇಮ್ ಕಡಿಮೆ ಬಂದರೂ ನೆಮ್ಮದಿ ಹೆಚ್ಚು. ₹1,50,000 ದಾಟಿದವರಿಗೆ ಎರಡೂ ನಡೆಯುತ್ತದೆ. ಅಲ್ಲಿ ನೋಡಬೇಕಾದದ್ದು ಕಂಪನಿ ಟವರಿನ ಬೋರ್ಡ್, ಎಸ್‌ಎಂಪಿಎಸ್ ಎಟಿಎಕ್ಸ್ ಅಳತೆಯವೋ ಅಲ್ಲವೋ ಎಂಬುದನ್ನು.

ಹಣ ಪೂರ್ತಿ ಕೊಡುವ ಮುಂಚೆ ಅಂಗಡಿಯಲ್ಲೇ ಅರ್ಧ ಗಂಟೆ ಕೂತು ಪರೀಕ್ಷೆ ಮಾಡಿ. ಸಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ಪ್ರೊಸೆಸರ್ ಹೆಸರು, ರ‍್ಯಾಮ್ ಡ್ಯುಯಲ್ ಚಾನೆಲ್ ಇದೆಯೇ ನೋಡಿ. ಹಳೆಯ ಕಾರ್ಡಿಗೆ ಹೊಸ ಹೆಸರು ತುಂಬಿದ್ದರೆ ಜಿಪಿಯು-ಝಡ್ ನಕಲಿ ಎಂದು ತೋರಿಸುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೊದಲ್ಲಿ ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಎಂಬುದಿರುತ್ತದೆ. ಹೊಸದೆಂದು ಕೊಟ್ಟದ್ದು 4,000 ಗಂಟೆ ತೋರಿಸಿದರೆ ಅದನ್ನು ಬದಲಿಸಿಕೊಡುವವರೆಗೆ ಏಳಬೇಡಿ. ಎಲ್ಲ ಭಾಗದ ಖಾಲಿ ಡಬ್ಬಿಗಳನ್ನು ಕೇಳಿ ಪಡೆಯಿರಿ. ಊರಿಗೆ ಬಸ್ಸಿನಲ್ಲೋ ಪಾರ್ಸೆಲ್‌ನಲ್ಲೋ ಒಯ್ಯುವುದಾದರೆ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿಸಿ ಅದರದೇ ಡಬ್ಬಿಯಲ್ಲಿ ಕೈಯಲ್ಲೇ ಹಿಡಿದುಕೊಳ್ಳಿ. ರಸ್ತೆಯ ಕುಲುಕಾಟಕ್ಕೆ ಕಾರ್ಡಿನ ಭಾರವೇ ಬೋರ್ಡಿನ ಸ್ಲಾಟನ್ನು ಮುರಿಯುತ್ತದೆ, ಮುರಿದ ಸ್ಲಾಟಿಗೆ ಯಾವ ಕಂಪನಿಯೂ ವಾರಂಟಿ ಕೊಡುವುದಿಲ್ಲ.